ಹೊಸ ಟ್ಯಾಬ್ ಬೇಡ, ಕಲಿಸುವವರು ಬೇಕು



1848ರಲ್ಲೇ ಸಾವಿತ್ರಿಬಾಯಿ ಫುಲೆಯವರು ಹೆಣ್ಣುಮಕ್ಕಳಿಗೆ ಪಾಠ ಹೇಳಿದ ಊರು ನಮ್ಮ ಪುಣೆ. ಆದರೆ ಹಳ್ಳಿಯಲ್ಲಿರುವ ನನ್ನ ಸೋದರತ್ತೆ ಮೊಬೈಲ್‌ನಲ್ಲಿ ವಿಡಿಯೋ ನೋಡುತ್ತಾರೆ, ಬ್ಯಾಂಕಿನಲ್ಲಿ ಇಂದಿಗೂ ಹೆಬ್ಬೆಟ್ಟು ಒತ್ತುತ್ತಾರೆ.

2000ನೇ ಇಸವಿಯಲ್ಲಿ ಎಫ್. ಸಿ. ಕೊಹ್ಲಿಯವರ ಮುಂದಾಳತ್ವದಲ್ಲಿ ಟಿಸಿಎಸ್ ಕಂಪ್ಯೂಟರ್ ಮೂಲಕ ವಯಸ್ಕರಿಗೆ ಓದು ಕಲಿಸತೊಡಗಿತು. ಅಕ್ಷರಮಾಲೆಯ ಬದಲು ಬಳಕೆಯ ಪದಗಳಿಂದ ಪಾಠ. ಸುಮಾರು 40 ಗಂಟೆಗಳಲ್ಲಿ ಪತ್ರಿಕೆ ಓದುವಷ್ಟು ಕಲಿಕೆ. ಹಳೇ ಕಂಪ್ಯೂಟರ್‌ಗಳೇ ಸಾಕಾದವು. ಪಕ್ಕದಲ್ಲಿ ಕಲಿಸುವವರು ಮಾತ್ರ ಬೇಕೇ ಬೇಕಿತ್ತು.

ಈಗ ಕೇಂದ್ರದ ‘ಉಲ್ಲಾಸ್’ ಯೋಜನೆಯಿದೆ. 2022–27ಕ್ಕೆ 1037.90 ಕೋಟಿ ರೂಪಾಯಿ. ಗುರಿ 5 ಕೋಟಿ ಜನ. ಭಾಗಿಸಿ ನೋಡಿದರೆ ತಲೆಗೆ ಸುಮಾರು 208 ರೂಪಾಯಿ. ಒಂದು ತಿಂಗಳ ರೀಚಾರ್ಜ್‌ಗೇ ಮುಗಿಯಿತು! ಆ್ಯಪ್ ಇದೆ, ಆದರೆ ಕಲಿಸುವವರು ಸಂಬಳವಿಲ್ಲದ ಸ್ವಯಂಸೇವಕರು.

ಆದ್ದರಿಂದ ನನ್ನ ಕೋರಿಕೆ ಇಷ್ಟೆ. ಹೊಸ ಟ್ಯಾಬ್ ಕೊಟ್ಟು ಫೋಟೋ ತೆಗೆಸಿಕೊಳ್ಳುವುದು ಬೇಡ. ನಮ್ಮ ಕಪಾಟಿನಲ್ಲಿರುವ ಹಳೇ ಫೋನ್‌ಗಳನ್ನು ರಿಪೇರಿ ಮಾಡಿಸಿ ಕೊಡೋಣ. ಕೂಡಿಸಿದ ಹಣ ಒಂದೇ ಹಳ್ಳಿಗೆ, ಕಲಿಸುವ ಹೆಣ್ಣುಮಗಳ ವರ್ಷದ ಗೌರವಧನಕ್ಕೆ, ರೀಚಾರ್ಜ್‌ಗೆ ಹೋಗಲಿ. ವರ್ಷದ ಕೊನೆಗೆ ಎಷ್ಟು ಫೋನ್ ಕೊಟ್ಟೆವು ಎಂದು ಎಣಿಸುವುದು ಬೇಡ. ಎಷ್ಟು ಜನ ತಮ್ಮ ಪಾಸ್‌ಬುಕ್ ತಾವೇ ಓದಿದರು ಎಂದು ಕೇಳೋಣ.