ನ್ಯಾಯವೂ ಕರುಣೆಯೂ



ನಿನ್ನೆ ಪ್ರವಚನ ಮುಗಿದ ಮೇಲೆ ಹಿರಿಯರೊಬ್ಬರು ನಮ್ಮ ಬಳಿಗೆ ಬಂದು ಒಂದು ಪ್ರಶ್ನೆ ಕೇಳಿದರು. “ಬುದ್ಧೀ, ಕ್ರೈಸ್ತರು ತಮ್ಮ ದೇವರನ್ನು ಪ್ರೇಮಸ್ವರೂಪಿ ಎನ್ನುತ್ತಾರೆ. ಅವನೇ ಕಡೆಯ ದಿನ ಎಲ್ಲರ ಲೆಕ್ಕ ನೋಡಿ ತೀರ್ಪು ಕೊಡುತ್ತಾನೆಂದೂ ಹೇಳುತ್ತಾರೆ. ಪ್ರೀತಿಸುವವನು ದಂಡಿಸುವುದೆಂತು? ದಂಡಿಸದೆ ಬಿಟ್ಟರೆ ನೊಂದವರ ಗತಿಯೇನು?” ಇದು ಬರಿಯ ಕುತೂಹಲದ ಪ್ರಶ್ನೆಯಾಗಿರಲಿಲ್ಲ. ಅವರ ಹೊಲವನ್ನು ವಂಚನೆಯಿಂದ ಬರೆಸಿಕೊಂಡಿದ್ದ ದಾಯಾದಿಯೊಬ್ಬ ಈಗ ಕ್ಷಮೆ ಕೇಳಿಕೊಂಡು ಮನೆ ಬಾಗಿಲಿಗೆ ಬಂದಿದ್ದಾನಂತೆ. ಬಾಗಿಲು ತೆರೆಯಬೇಕೋ ಬೇಡವೋ ಎಂಬುದೇ ಅವರ ತೊಳಲಾಟ. ಆದ್ದರಿಂದ ಇಂದು ಆ ಧರ್ಮದವರು ಈ ಪ್ರಶ್ನೆಯನ್ನು ಹೇಗೆ ಎದುರಿಸಿದ್ದಾರೆಂಬುದನ್ನು ನಾವೂ ನೀವೂ ಕೂಡಿ ಚಿಂತಿಸೋಣ.

ಬೈಬಲ್ಲಿನ ಹಳೆಯ ಒಡಂಬಡಿಕೆಯಲ್ಲಿ ಯೋನ ಎಂಬ ಪ್ರವಾದಿಯ ಪುಸ್ತಕವಿದೆ. ನಾಲ್ಕೇ ಅಧ್ಯಾಯಗಳ ಪುಟ್ಟ ಪುಸ್ತಕ. ಯೆಹೂದ್ಯರೂ ಕ್ರೈಸ್ತರೂ ಇಬ್ಬರೂ ಅದನ್ನು ಪವಿತ್ರವೆಂದು ಓದುತ್ತಾರೆ. ನಿನೆವೆ ಎಂಬ ಮಹಾನಗರದ ಪಾಪ ಮಿತಿಮೀರಿತು, ಅಲ್ಲಿಗೆ ಹೋಗಿ ಎಚ್ಚರಿಕೆ ಕೊಡು ಎಂದು ದೇವರು ಯೋನನಿಗೆ ಅಪ್ಪಣೆ ಮಾಡಿದನು. ಯೋನನಾದರೋ ಹಡಗು ಹತ್ತಿ ಅದಕ್ಕೆ ವಿರುದ್ಧವಾದ ದಿಕ್ಕಿಗೆ ಓಡಿಹೋದನು. ಸಮುದ್ರದಲ್ಲಿ ಬಿರುಗಾಳಿ ಎದ್ದದ್ದು, ದೊಡ್ಡ ಮೀನು ಅವನನ್ನು ನುಂಗಿದ್ದು, ಮೂರು ದಿನಗಳ ಮೇಲೆ ದಡಕ್ಕೆ ಕಾರಿದ್ದು, ಇವೆಲ್ಲ ನಿಮ್ಮಲ್ಲಿ ಕೆಲವರಿಗೆ ಗೊತ್ತು. ಆದರೆ ಅವನು ಓಡಿದ್ದೇಕೆ? ಹೆದರಿ ಓಡಿದನೇ? ಅಲ್ಲ. ಕಾರಣ ಕಡೆಯ ಅಧ್ಯಾಯದಲ್ಲಿದೆ. ಎಚ್ಚರಿಕೆ ಕೊಟ್ಟರೆ ಆ ಜನ ಪಶ್ಚಾತ್ತಾಪಪಟ್ಟಾರು, ಪಟ್ಟರೆ ಕರುಣಾಳುವಾದ ದೇವರು ಅವರನ್ನು ಕ್ಷಮಿಸಿಬಿಟ್ಟಾನು, ಇದೇ ಅವನ ಭಯ!

ಯೋನನನ್ನು ನೋಡಿ ನಗಬೇಡಿರಿ. ನಿನೆವೆಯೆಂದರೆ ಸಾಮಾನ್ಯ ಊರಲ್ಲ. ಇಂದಿನ ಇರಾಕ್ ದೇಶದ ಮೋಸುಲ್ ನಗರದ ಎದುರಿಗೆ, ಟೈಗ್ರಿಸ್ ನದಿಯ ದಡದಲ್ಲಿ ಅದರ ಅವಶೇಷಗಳಿವೆ. ಅದು ಅಸ್ಸೀರಿಯಾ ಸಾಮ್ರಾಜ್ಯದ ರಾಜಧಾನಿಯಾಗಿತ್ತು. ಕ್ರಿ.ಪೂ. 722ರ ಸುಮಾರಿಗೆ ಯೋನನ ಜನರ ಉತ್ತರದ ರಾಜ್ಯವನ್ನು ನಿರ್ನಾಮ ಮಾಡಿ ಜನರನ್ನು ಸೆರೆ ಒಯ್ದವರು ಆ ಅಸ್ಸೀರಿಯರೇ. ತನ್ನ ಮಕ್ಕಳನ್ನು ಕೊಂದವನಿಗೆ ಕ್ಷಮೆ ದೊರೆಯಿತೆಂದು ಕೇಳಿದ ತಾಯಿಯ ಹೊಟ್ಟೆ ಉರಿಯದೆ ಇದ್ದೀತೆ? ಈ ಕಥೆ ಕೇಳಿದ ಯೆಹೂದ್ಯರ ಹೊಟ್ಟೆಯೂ ಹಾಗೆಯೇ ಉರಿದಿರಬೇಕು.

ಕಡೆಗೆ ಯೋನ ನಿನೆವೆಗೆ ಹೋಗಿ, ನಲವತ್ತು ದಿನಗಳಲ್ಲಿ ಈ ಊರು ಹಾಳಾಗುವುದೆಂದು ಸಾರಿದನು. ಅರಸನು ಸಿಂಹಾಸನ ಬಿಟ್ಟಿಳಿದು ಗೋಣಿಯುಟ್ಟು ಬೂದಿಯಲ್ಲಿ ಕುಳಿತನು. ಜನರಷ್ಟೇ ಅಲ್ಲ, ದನಕರುಗಳೂ ಉಪವಾಸವಿದ್ದವು. ಅವರು ಕೆಟ್ಟ ನಡತೆ ಬಿಟ್ಟದ್ದನ್ನು ಕಂಡು ದೇವರು ದಂಡನೆಯನ್ನು ತಡೆದನು. ಯೋನನಿಗೆ ಸಿಟ್ಟು ಬಂದಿತು. ಊರ ಹೊರಗೆ ಕುಳಿತನು. ಒಂದು ಗಿಡ ಹುಟ್ಟಿ ಅವನಿಗೆ ನೆರಳಾಯಿತು. ಅದು ಸೋರೆಯೋ ಹರಳೋ ಎಂದು ಪಂಡಿತರು ಇಂದಿಗೂ ವಾದಿಸುವುದುಂಟು. ಮರುದಿನ ಹುಳು ಹತ್ತಿ ಗಿಡ ಒಣಗಿತು. ಬಿಸಿಲಿಗೆ ಬೆಂದು ಯೋನ ಸಾವನ್ನೇ ಬೇಡಿದನು. ಆಗ ದೇವರು ಕೇಳಿದ್ದರ ಭಾವವಿಷ್ಟು: ನೀನು ನೆಡದ, ನೀರೆರೆಯದ ಒಂದು ಗಿಡಕ್ಕಾಗಿ ಇಷ್ಟು ಮರುಗುವೆಯಲ್ಲ! ಎಡಗೈ ಬಲಗೈ ಅರಿಯದ 1,20,000ಕ್ಕೂ ಮಿಕ್ಕಿದ ಜನರೂ ಅಷ್ಟೊಂದು ದನಕರುಗಳೂ ಇರುವ ಊರಿಗಾಗಿ ನಾನು ಮರುಗಬಾರದೆ? ಪುಸ್ತಕ ಅಲ್ಲಿಗೇ ಮುಗಿಯುತ್ತದೆ. ಯೋನ ಏನು ಉತ್ತರ ಕೊಟ್ಟನೆಂಬುದು ಅದರಲ್ಲಿಲ್ಲ.

ಯೆಹೂದ್ಯರು ತಮ್ಮ ಪ್ರಾಯಶ್ಚಿತ್ತದ ಮಹಾದಿನದಂದು ಮಧ್ಯಾಹ್ನದ ಮೇಲೆ ಈ ಪುಸ್ತಕವನ್ನೇ ಓದುತ್ತಾರೆ. ನಮ್ಮ ನೆರೆಯ ಕೇರಳದ ಸಿರಿಯನ್ ಕ್ರೈಸ್ತರು ನಿನೆವೆಯ ನೆನಪಿಗೆ ಮೂರು ದಿನಗಳ ನೋಂಪಿಯನ್ನು ಆಚರಿಸುತ್ತಾರೆ. ಶತ್ರುವಿನ ಪಶ್ಚಾತ್ತಾಪವನ್ನು ತಮ್ಮ ವ್ರತವನ್ನಾಗಿ ಮಾಡಿಕೊಂಡಿದ್ದಾರೆಂದರೆ ಅದು ಸಣ್ಣ ಮಾತಲ್ಲ.

ಹಾಗಾದರೆ ತೀರ್ಪೆಂಬುದು ಇಲ್ಲವೇ? ಇದೆ. ಮತ್ತಾಯನ ಸುವಾರ್ತೆಯಲ್ಲಿ ಯೇಸು ಹೇಳಿದ ಎರಡು ಸಾಮತಿಗಳನ್ನು ನೋಡಿರಿ. ಒಬ್ಬ ಸೇವಕ ಅರಸನಿಗೆ ಹತ್ತು ಸಾವಿರ ತಲಾಂತು ಸಾಲ ಕೊಡಬೇಕಾಗಿತ್ತು. ಒಂದು ತಲಾಂತೆಂದರೆ ಸುಮಾರು 6,000 ದಿನಾರಿ, ಒಂದು ದಿನಾರಿಯೆಂದರೆ ಆಳಿನ ಒಂದು ದಿನದ ಕೂಲಿ. ಲೆಕ್ಕ ಹಾಕಿದರೆ 6 ಕೋಟಿ ದಿನಗಳ ಕೂಲಿಯಾಯಿತು. 1,60,000 ವರ್ಷ ದುಡಿದರೂ ತೀರದ ಸಾಲ! ಅರಸನು ಮರುಗಿ ಅದನ್ನೆಲ್ಲ ಬಿಟ್ಟುಬಿಟ್ಟನು. ಅದೇ ಸೇವಕ ಹೊರಗೆ ಬಂದು, ತನಗೆ ನೂರು ದಿನಾರಿ ಕೊಡಬೇಕಾಗಿದ್ದ ಜೊತೆಗಾರನ ಕುತ್ತಿಗೆ ಹಿಡಿದು ಸೆರೆಗೆ ಹಾಕಿಸಿದನು. ಅದನ್ನು ಕೇಳಿ ಅರಸನು ಅವನನ್ನು ದಂಡಿಸಿದನು. ಇಲ್ಲಿ ದಂಡನೆ ಬಂದದ್ದು ಸಾಲಕ್ಕಲ್ಲ. ಪಡೆದ ಕರುಣೆಯನ್ನು ತನ್ನಲ್ಲೇ ತಡೆದಿಟ್ಟುಕೊಂಡದ್ದಕ್ಕೆ. ಇನ್ನೊಂದು ಕಡೆಯ ದಿನದ ವರ್ಣನೆ. ಅಲ್ಲಿ ಕೇಳುವುದು ಹಸಿದವನಿಗೆ ಅನ್ನ, ಬಾಯಾರಿದವನಿಗೆ ನೀರು, ಪರದೇಶಿಗೆ ಆಸರೆ, ಬೆತ್ತಲೆಯವನಿಗೆ ಬಟ್ಟೆ ಕೊಟ್ಟೆಯಾ, ರೋಗಿಯನ್ನೂ ಸೆರೆಯಲ್ಲಿದ್ದವನನ್ನೂ ಕಂಡೆಯಾ ಎಂಬುದನ್ನು. ನೊಂದವರ ಪಕ್ಷ ಹಿಡಿಯುವುದೇ ಅಲ್ಲಿಯ ತೀರ್ಪು. ಹಾಗೆ ನೋಡಿದರೆ ತೀರ್ಪೂ ಕರುಣೆಯ ಒಂದು ರೂಪವೇ ಆಯಿತು.

ಇದರಿಂದ ಎಲ್ಲ ಗಂಟೂ ಬಿಚ್ಚಿತೆಂದಲ್ಲ. ಕಟ್ಟಕಡೆಗೆ ಎಲ್ಲ ಜೀವಗಳೂ ದೇವರನ್ನು ಸೇರಬಹುದೆಂದು 3ನೆಯ ಶತಮಾನದ ಒರಿಜೆನ್ ಆಶಿಸಿದರು. ಪಾಪದಲ್ಲೇ ಮಡಿದವರ ದಂಡನೆಗೆ ಕೊನೆಯಿಲ್ಲವೆಂದು 430ರಲ್ಲಿ ತೀರಿಕೊಂಡ ಸಂತ ಅಗಸ್ಟೀನರು ವಾದಿಸಿದರು. ಸಭೆಯ ಬಹುಪಾಲು ಅಗಸ್ಟೀನರ ಮಾತನ್ನೇ ಹಿಡಿಯಿತು. ಆದರೂ ಆ ಚರ್ಚೆ ಇಂದಿಗೂ ನಿಂತಿಲ್ಲ.

ವಾದ ಹಾಗಿರಲಿ, ಆಚಾರವನ್ನು ನೋಡೋಣ. 1999ರ ಜನವರಿಯಲ್ಲಿ ಒಡಿಶಾದ ಮನೋಹರಪುರದಲ್ಲಿ ಕುಷ್ಠರೋಗಿಗಳ ಸೇವೆಯಲ್ಲಿದ್ದ ಗ್ರಹಾಂ ಸ್ಟೇನ್ಸ್ ಅವರನ್ನೂ ಅವರ ಇಬ್ಬರು ಎಳೆಯ ಗಂಡುಮಕ್ಕಳನ್ನೂ ಮಲಗಿದ್ದ ವಾಹನದಲ್ಲೇ ಸುಟ್ಟರು. ಅವರ ಪತ್ನಿ ಗ್ಲಾಡಿಸ್ ಅವರು, ಕೊಂದವರನ್ನು ಕ್ಷಮಿಸಿದ್ದೇನೆಂದು ಬಹಿರಂಗವಾಗಿ ಹೇಳಿದರು. ಹೇಳಿ ದೇಶ ಬಿಟ್ಟು ಹೋಗಲಿಲ್ಲ. ಇನ್ನೂ ಐದು ವರ್ಷ ಇಲ್ಲಿಯೇ ಇದ್ದು ಅದೇ ರೋಗಿಗಳ ಸೇವೆ ಮಾಡಿದರು. ನ್ಯಾಯಾಲಯವೂ ತನ್ನ ಕೆಲಸ ಬಿಡಲಿಲ್ಲ. ಮುಖ್ಯ ಅಪರಾಧಿಯ ಜೀವಾವಧಿ ಶಿಕ್ಷೆಯನ್ನು 2011ರಲ್ಲಿ ಸರ್ವೋಚ್ಚ ನ್ಯಾಯಾಲಯ ಎತ್ತಿಹಿಡಿಯಿತು. ಆ ತಾಯಿಯ ಕ್ಷಮೆ ಕಾನೂನಿನ ಕೈ ಹಿಡಿಯಲಿಲ್ಲ. ಕಾನೂನಿನ ಶಿಕ್ಷೆ ಆಕೆಯ ಕ್ಷಮೆಯನ್ನು ಸುಳ್ಳು ಮಾಡಲಿಲ್ಲ.

ಇನ್ನು ನಮ್ಮ ಹಿರಿಯರ ಮಾತು. ಅವರಿಗೆ ನಾವು ಹೇಳಿದ್ದಿಷ್ಟೆ: ಹೊಲದ ಲೆಕ್ಕ ಹೊಲದ್ದು, ಅದನ್ನು ಪಂಚರ ಮುಂದೆ ಕೇಳಿರಿ, ಕೇಳುವುದು ತಪ್ಪಲ್ಲ. ಬಾಗಿಲಿಗೆ ಬಂದವನ ಲೆಕ್ಕ ಬೇರೆ. ಬಿಸಿಲಲ್ಲಿ ನಿಂತವನನ್ನು ಒಳಗೆ ಕರೆದು ಮೊದಲು ನೀರು ಕೊಡಿರಿ. ಮಾತು ಆಮೇಲೆ ಆಗಲಿ. ಅವರು ಏನೂ ಹೇಳದೆ ಎದ್ದು ಹೋದರು. ಯೋನನ ಉತ್ತರ ಪುಸ್ತಕದಲ್ಲಿಲ್ಲ. ಇವರ ಉತ್ತರ ಇವರ ಮನೆಯ ಬಾಗಿಲಲ್ಲಿ ತಿಳಿಯಬೇಕು. ನಮ್ಮ ನಿಮ್ಮೆಲ್ಲರ ಮನೆಗೂ ಇಂಥ ಒಂದು ಬಾಗಿಲಿದ್ದೇ ಇರುತ್ತದೆ. ಅದನ್ನು ತೆರೆಯುವ ಶಕ್ತಿಯನ್ನು ಪರಮಾತ್ಮನು ಎಲ್ಲರಿಗೂ ಕರುಣಿಸಲಿ ಎಂದು ಹಾರೈಸಿ ಇಂದಿನ ಮಾತುಗಳನ್ನು ಮುಗಿಸುತ್ತೇವೆ.