ಬಂಡಿಗೆ ಹೊಣೆ ಯಾರು?

(ಸಂಘದ ವಾರ್ಷಿಕೋತ್ಸವದಂದು ಶಾಲೆಯ ಮುಖ್ಯೋಪಾಧ್ಯಾಯರು ಮಾಡಿದ ಭಾಷಣದ ಪಾಠ)



ಇಂಥ ಸಮಾರಂಭಗಳಲ್ಲಿ ಶಿಸ್ತು, ಮಾತೃಭಾಷೆ, ಗುರುಭಕ್ತಿ ಮೊದಲಾದ ವಿಷಯಗಳನ್ನು ಕುರಿತು ಮಾತನಾಡುವುದು ವಾಡಿಕೆ. ಈ ವರ್ಷ ನಾವು ಬೇರೊಂದು ವಿಷಯವನ್ನು ಆರಿಸಿಕೊಂಡಿದ್ದೇವೆ. ಒಬ್ಬನು ತನ್ನ ಕೈಯಿಂದಲೇ ಒಂದು ಮೋಟಾರು ವಾಹನವನ್ನು ಕಟ್ಟಿದರೆ, ಅಥವಾ ಹೆಸರಾಂತ ವಾಹನವೊಂದರ ಪ್ರತಿಕೃತಿಯನ್ನು ಮಾಡಿದರೆ, ಅದನ್ನು ರಸ್ತೆಗೆ ಇಳಿಸಲು ಅವನಿಗೆ ಅಧಿಕಾರವುಂಟೆ? ಇದೇ ಆ ವಿಷಯ.

ಶಾಲೆಯಲ್ಲಿ ಈ ಪ್ರಸ್ತಾಪವೇಕೆಂದು ಕೆಲವರು ಕೇಳಬಹುದು. ಕಾರಣವುಂಟು. ಧರ್ಮಪುರಿ, ಹೊಸೂರು, ಸೇಲಂ ಸೀಮೆಯ ನಮ್ಮ ಮಕ್ಕಳಲ್ಲಿ ಅನೇಕರು ಹತ್ತನೆಯ ತರಗತಿ ಮುಗಿಸಿ ಐ.ಟಿ.ಐ.ಗೋ ಪಾಲಿಟೆಕ್ನಿಕ್ಕಿಗೋ ಸೇರುತ್ತಾರೆ. ಅಲ್ಲಿಂದ ಹೊಸೂರಿನ ಮೋಟಾರು ಕಾರ್ಖಾನೆಗಳಿಗೂ, ನಾಮಕ್ಕಲ್ಲಿನ ಲಾರಿ ಬಾಡಿ ಕಟ್ಟುವ ವರ್ಕ್‌ಷಾಪುಗಳಿಗೂ ಹೋಗುತ್ತಾರೆ. ಸ್ಪ್ಯಾನರು ಹಿಡಿಯಲು ಕಲಿತ ಕೈ ಸುಮ್ಮನಿರದು. ಗುಜರಿಯಿಂದ ಒಂದು ಇಂಜಿನ್ನು, ಇನ್ನೆಲ್ಲಿಂದಲೋ ಎರಡು ಗಾಲಿ ತಂದು ಜೋಡಿಸುವ ಆಸೆ ಹುಟ್ಟುತ್ತದೆ. ಆ ಆಸೆ ಒಳ್ಳೆಯದೇ. ಆದರೆ ಅದು ಎಲ್ಲಿಯವರೆಗೆ ಹೋಗಬಹುದು, ಎಲ್ಲಿ ನಿಲ್ಲಬೇಕು ಎಂಬುದನ್ನು ಮಕ್ಕಳೂ ಹೆತ್ತವರೂ ಮೊದಲೇ ಅರಿತಿರಬೇಕು.

ಮೊದಲು ಹೆಸರುಗಳನ್ನು ತಿಳಿದುಕೊಳ್ಳೋಣ. ಕಾರ್ಖಾನೆಯು ಕಾರನ್ನು ಪೂರ್ತಿಯಾಗಿ ಕಟ್ಟಿಕೊಡದೆ, ಅದರ ಬಿಡಿಭಾಗಗಳನ್ನು ಒಟ್ಟುಮಾಡಿ ಮಾರಿ, ಕೊಂಡವನೇ ಮನೆಯಲ್ಲಿ ಜೋಡಿಸಿಕೊಂಡರೆ ಅದನ್ನು ‘ಕಿಟ್ ಕಾರು’ ಎನ್ನುತ್ತಾರೆ. ಹಳೆಯ ಅಥವಾ ದುಬಾರಿಯಾದ ಒಂದು ವಾಹನದ ರೂಪವನ್ನು ಅನುಕರಿಸಿ ಹೊಸದಾಗಿ ಮಾಡಿದ್ದು ‘ಪ್ರತಿಕೃತಿ ವಾಹನ’. ಇಂಗ್ಲೆಂಡಿನಲ್ಲಿ 1957ರಲ್ಲಿ ಬಂದ ಲೋಟಸ್ ಸೆವೆನ್ ಎಂಬ ಪುಟ್ಟ ಕಾರು ಕಿಟ್ಟಿನ ರೂಪದಲ್ಲಿ ಬಹಳ ಪ್ರಸಿದ್ಧವಾಯಿತು. ಪೂರ್ತಿ ಕಾರಿಗೆ ಖರೀದಿ ತೆರಿಗೆಯಿತ್ತು, ಬಿಡಿಭಾಗಗಳಿಗಿರಲಿಲ್ಲ. ಆದಕಾರಣ ಜನ ಕಿಟ್ಟನ್ನೇ ಕೊಂಡರು. ಕಿಟ್ಟಿನೊಡನೆ ಜೋಡಿಸುವ ಕ್ರಮವನ್ನು ಬರೆದುಕೊಡಕೂಡದೆಂದು ನಿಯಮವಿದ್ದುದರಿಂದ, ಕಂಪೆನಿಯವರು ಬಿಚ್ಚುವ ಕ್ರಮವನ್ನು ಬರೆದುಕೊಟ್ಟರಂತೆ! ಕೊಂಡವನು ಅದನ್ನು ಕೊನೆಯಿಂದ ಮೊದಲಿಗೆ ಓದಿಕೊಂಡರಾಯಿತು. ಕಾನೂನು ಒಂದು ಬಾಗಿಲು ಮುಚ್ಚಿದರೆ ಜಾಣನು ಕಿಟಕಿಯನ್ನು ಹುಡುಕುವನೆಂಬುದಕ್ಕೆ ಈ ಕಥೆಯನ್ನು ಇಂದಿಗೂ ಹೇಳುತ್ತಾರೆ.

ಬಿಡಿಭಾಗಗಳನ್ನು ತಂದು ಜೋಡಿಸುವುದು ನಮ್ಮ ನಾಡಿಗೂ ಹೊಸದಲ್ಲ. 1928ರಲ್ಲಿ ಜನರಲ್ ಮೋಟಾರ್ಸ್ ಕಂಪೆನಿಯು ಮುಂಬಯಿಯಲ್ಲಿ ಕಾರುಗಳನ್ನು ಜೋಡಿಸತೊಡಗಿತು. 1947ರಲ್ಲಿ ಮಹೀಂದ್ರ ಸಹೋದರರು ವಿಲ್ಲಿಸ್ ಜೀಪುಗಳನ್ನು ಜೋಡಿಸಿದರು. 1955ರಲ್ಲಿ ಮದರಾಸಿನಲ್ಲಿ ಎನ್‌ಫೀಲ್ಡ್ ಬುಲೆಟ್ಟಿನ ಕೆಲಸ ಹೀಗೆಯೇ ಆರಂಭವಾಯಿತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯು 1961ರಿಂದ 1996ರವರೆಗೆ ನಡೆದು, ಚೆಕೊಸ್ಲೊವಾಕಿಯದ ಜಾವಾ ಮಾದರಿಯ ಮೋಟಾರು ಸೈಕಲ್ಲುಗಳನ್ನು ನಾಡಿಗೆಲ್ಲ ಒದಗಿಸಿತು. ಇವೆಲ್ಲ ಸಕ್ರಮವಾಗಿ ರಸ್ತೆಯಲ್ಲಿ ಓಡಿದವು. ಅಂದಮೇಲೆ ಭಾಗಗಳನ್ನು ಜೋಡಿಸುವುದೇ ತಪ್ಪೆಂದು ಕಾನೂನು ಎಂದೂ ಹೇಳಲಿಲ್ಲ. ಜೋಡಿಸಿದ ಬಂಡಿಗೆ ಹೊಣೆ ಯಾರು ಎಂಬ ಒಂದೇ ಪ್ರಶ್ನೆಯನ್ನು ಅದು ಕೇಳುತ್ತ ಬಂದಿದೆ. ಈ ಪ್ರಶ್ನೆಯನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನ ನಿಯಮಗಳೆಲ್ಲ ತಾವಾಗಿಯೇ ಅರ್ಥವಾಗುತ್ತವೆ.

ಭಾರತದಲ್ಲಿ ಮೋಟಾರು ವಾಹನಗಳಿಗೆ 1914ರಲ್ಲಿ ಒಂದು ಕಾಯಿದೆ, 1939ರಲ್ಲಿ ಇನ್ನೊಂದು ಬಂದವು. ಈಗ ನಡೆಯುತ್ತಿರುವುದು 1988ರ ಕಾಯಿದೆ. 2019ರಲ್ಲಿ ಅದಕ್ಕೆ ದೊಡ್ಡ ತಿದ್ದುಪಡಿಯಾಯಿತು. ಅದರ 39ನೆಯ ಕಲಮಿನಂತೆ ನೋಂದಣಿಯಿಲ್ಲದ ವಾಹನವನ್ನು ಸಾರ್ವಜನಿಕ ಸ್ಥಳದಲ್ಲಿ ಓಡಿಸಕೂಡದು. ನೋಂದಣಿಗೆ ಮೂರು ಪತ್ರಗಳು ಮುಖ್ಯ. 20ನೆಯ ನಮೂನೆ ಮಾಲೀಕನ ಅರ್ಜಿ. 21ನೆಯದು ಮಾರಿದವನ ಪತ್ರ. 22ನೆಯದು, ಈ ವಾಹನವು ನಿಯಮಕ್ಕೆ ಅನುಸಾರವಾಗಿದೆ, ರಸ್ತೆಗೆ ಯೋಗ್ಯವಾಗಿದೆ ಎಂದು ತಯಾರಕನು ಸಹಿಮಾಡಿ ಕೊಡುವ ಪತ್ರ. ತಯಾರಕನು ಮನಬಂದಂತೆ ಸಹಿಮಾಡುವಂತಿಲ್ಲ. 126ನೆಯ ನಿಯಮದ ಪ್ರಕಾರ ಅವನು ಮೊದಲ ಮಾದರಿಯನ್ನು ಪುಣೆಯ ಎ.ಆರ್.ಎ.ಐ.ನಂಥ ಪರೀಕ್ಷಾ ಸಂಸ್ಥೆಗೆ ಒಪ್ಪಿಸಿ ತೇರ್ಗಡೆ ಪಡೆಯಬೇಕು. ಬ್ರೇಕು, ದೀಪ, ಹೊಗೆ ಎಲ್ಲಕ್ಕೂ ಪರೀಕ್ಷೆಯುಂಟು. ಸಾವಿರಾರು ಕಾರು ಮಾರುವ ಕಂಪೆನಿಗೆ ಈ ಖರ್ಚು ಹೊರೆಯಲ್ಲ. ಹಿತ್ತಲಲ್ಲಿ ಒಂದೇ ಒಂದು ಬಂಡಿಯನ್ನು ಕಟ್ಟಿದವನಿಗೆ ಅದು ಬೆಟ್ಟದಂಥ ಹೊರೆ. ಅವನಿಗೆಂದೇ ಪ್ರತ್ಯೇಕವಾದ ಸುಲಭದ ದಾರಿ ನಮ್ಮ ನಿಯಮಗಳಲ್ಲಿಲ್ಲ.

ಆದರೆ ಕೈಕೆಲಸದವನಿಗೆ ಕಾನೂನಿನಲ್ಲಿ ಜಾಗವೇ ಇಲ್ಲವೆಂದು ಭಾವಿಸಬಾರದು. 1997ರವರೆಗೆ ನಮ್ಮ ಸೇಲಂ ಜಿಲ್ಲೆಯಲ್ಲೇ ಇದ್ದ ನಾಮಕ್ಕಲ್ಲನ್ನು ನೋಡಿ. ಲಾರಿಯ ಚಾಸಿ ಕಾರ್ಖಾನೆಯಿಂದ ಬರುತ್ತದೆ. ಇಂಜಿನ್ನು, ಗಾಲಿ, ಸ್ಟಿಯರಿಂಗು ಇರುತ್ತವೆ, ಮೇಲೆ ಬಾಡಿಯಿರುವುದಿಲ್ಲ. ತಾತ್ಕಾಲಿಕ ನೋಂದಣಿಯ ಮೇಲೆ ಅದು ವರ್ಕ್‌ಷಾಪಿಗೆ ಬಂದು, ಬಡಗಿ, ವೆಲ್ಡರು, ಬಣ್ಣದವರು ಎಲ್ಲರ ಕೈಯಲ್ಲಿ ಹಾದು ಪೂರ್ಣ ಲಾರಿಯಾಗಿ ಹೊರಡುತ್ತದೆ. ಅರ್ಧ ಕಾರ್ಖಾನೆಯ ಕೆಲಸ, ಅರ್ಧ ಊರಿನ ಕೆಲಸ! ಇದಕ್ಕಾಗಿ ಕಾನೂನು 22ಎ ಎಂಬ ನಮೂನೆಯನ್ನು ಇಟ್ಟಿದೆ. ಅದರ ಒಂದು ಭಾಗಕ್ಕೆ ಚಾಸಿ ಮಾಡಿದವನು, ಇನ್ನೊಂದು ಭಾಗಕ್ಕೆ ಬಾಡಿ ಕಟ್ಟಿದವನು ಸಹಿಮಾಡಬೇಕು. ಬಸ್ಸಿನ ಬಾಡಿಗೆ ಎ.ಐ.ಎಸ್. 052, ಲಾರಿಯ ಬಾಡಿಗೆ ಎ.ಐ.ಎಸ್. 093 ಎಂಬ ಸಂಹಿತೆಗಳೂ ಇವೆ. ಮಕ್ಕಳೆ, ಆ ಎರಡನೆಯ ಸಹಿಯನ್ನು ಗಮನಿಸಿ. ಪಟ್ಟಣದ ದೊಡ್ಡ ಕಂಪೆನಿಯ ಸಹಿಯ ಪಕ್ಕದಲ್ಲಿ ಊರಿನ ಕೆಲಸಗಾರನ ಸಹಿ ನಿಲ್ಲುತ್ತದೆ. ಅವನು ಹೊಣೆ ಹೊತ್ತನಾದಕಾರಣ ಆ ಮರ್ಯಾದೆ.

ಇನ್ನು ಇದ್ದ ವಾಹನವನ್ನು ಮಾರ್ಪಡಿಸುವ ಮಾತು. ಹೊಸೂರಿನ ಚಂದ್ರಚೂಡೇಶ್ವರ ಸ್ವಾಮಿಯ ತೇರನ್ನು ನೀವು ನೋಡಿದ್ದೀರಿ. ತೇರಿನ ಗಾಲಿ ಸವೆದರೆ ಹೊಸ ಗಾಲಿ, ಹಲಗೆ ಮುರಿದರೆ ಹೊಸ ಹಲಗೆ. ಆದರೂ ಭಕ್ತರಿಗೆ ಅದು ಅದೇ ತೇರು. ಮೋಟಾರಿನ ವಿಷಯದಲ್ಲಿ ಕಾನೂನು ಹಾಗೆ ನೋಡುವುದಿಲ್ಲ. ಇಂಗ್ಲೆಂಡಿನಲ್ಲಿ ಬಹುಕಾಲ ಇದಕ್ಕೆ ನಮ್ಮ ಪರೀಕ್ಷೆಗಳಂತೆ ಅಂಕಗಳ ಲೆಕ್ಕವಿತ್ತು. ಬಹಳವಾಗಿ ಮಾರ್ಪಡಿಸಿದ ಬಂಡಿಯಲ್ಲಿ ಮೂಲ ಚಾಸಿ ಉಳಿದಿದ್ದರೆ 5 ಅಂಕ; ಸಸ್ಪೆನ್ಷನ್, ಆಕ್ಸಲ್, ಗೇರುಪೆಟ್ಟಿಗೆ, ಸ್ಟಿಯರಿಂಗು ಇವಕ್ಕೆ ತಲಾ 2; ಇಂಜಿನ್ನಿಗೆ 1 ಮಾತ್ರ. 8 ಅಂಕ ಬಂದರೆ ಹಳೆಯ ನೋಂದಣಿ ಉಳಿಯುವುದು. ಬಾರದಿದ್ದರೆ ಪರೀಕ್ಷೆಗೊಡ್ಡಿ ಹೊಸ ಸಂಖ್ಯೆ ಪಡೆಯಬೇಕು. ಯಾವ ಭಾಗ ಎಲ್ಲಿಂದ ಬಂದಿತೆಂದು ತಿಳಿಯದ ಬಂಡಿಗೆ ಕ್ಯೂ ಅಕ್ಷರದ ಫಲಕ ಕೊಡುತ್ತಿದ್ದರು. ಇದರ ಪೂರ್ವೋತ್ತರ ಖಚಿತವಿಲ್ಲವೆಂದು ಕೊಳ್ಳುವವನಿಗೆ ಆ ಅಕ್ಷರವೇ ಸಾರಿ ಹೇಳುತ್ತಿತ್ತು.

ನಮ್ಮಲ್ಲಿ ನಿಯಮ ಇನ್ನೂ ಬಿಗಿ. 52ನೆಯ ಕಲಮಿನಂತೆ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕನು ಮೂಲದಲ್ಲಿ ಗೊತ್ತುಮಾಡಿದ ವಿವರಗಳಿಗಿಂತ ಭಿನ್ನವಾಗುವಂತೆ ಮಾಲೀಕನು ವಾಹನವನ್ನು ಬದಲಾಯಿಸಕೂಡದು. 2019ರ ಜನವರಿಯಲ್ಲಿ ಕೇರಳದ ಮೊಕದ್ದಮೆಯೊಂದರಲ್ಲಿ ಸುಪ್ರೀಂ ಕೋರ್ಟು ಇದನ್ನೇ ಎತ್ತಿಹಿಡಿಯಿತು. ಅನಿಲದ ಕಿಟ್ಟು, ವಿದ್ಯುತ್ತಿನ ಕಿಟ್ಟು, ಅಂಗವಿಕಲರಿಗಾಗಿ ಮಾಡುವ ಅಳವಡಿಕೆ, ಇಂಥವಕ್ಕೆ ಅನುಮತಿಯ ದಾರಿಯುಂಟು. ಕಿಟ್ಟು ಪರೀಕ್ಷೆಯಾದದ್ದಿರಬೇಕು, ನೋಂದಣಿ ಪತ್ರದಲ್ಲಿ ಬದಲಾವಣೆ ದಾಖಲಾಗಬೇಕು. ಅನುಮತಿಯಿಲ್ಲದೆ ಮಾರ್ಪಡಿಸಿದರೆ 182ಎ ಕಲಮಿನಂತೆ ಆರು ತಿಂಗಳವರೆಗೆ ಸೆರೆ, ಅಥವಾ ಪ್ರತಿಯೊಂದು ಮಾರ್ಪಾಟಿಗೆ 5000 ರೂಪಾಯಿ ದಂಡ, ಅಥವಾ ಎರಡೂ. ಹಳೆಯ ಕಾರಿನ ಮೇಲೆ ವಿದೇಶೀ ಕಾರಿನ ಆಕಾರವನ್ನು ಕೂರಿಸಿದರೆ ಪತ್ರದಲ್ಲಿ ಒಂದು ಬಂಡಿ, ರಸ್ತೆಯಲ್ಲಿ ಇನ್ನೊಂದು ಬಂಡಿಯಾಗುತ್ತದೆ. ಸೈನ್ಯದ ಜೀಪಿನ ಪ್ರತಿಕೃತಿಗೆ ಆಸೆಪಡುವವರು ಇನ್ನೊಂದನ್ನೂ ತಿಳಿದಿರಲಿ: 121ನೆಯ ನಿಯಮದಂತೆ ಆ ಆಲಿವ್ ಹಸುರು ಬಣ್ಣವು ರಕ್ಷಣಾ ಇಲಾಖೆಯ ವಾಹನಗಳಿಗೆ ಮಾತ್ರ ಮೀಸಲು.

ಹಳೆಯದನ್ನು ಹಳೆಯದಾಗಿಯೇ ಉಳಿಸುವವರಿಗೆ 2021ರಲ್ಲಿ ಒಂದು ಅನುಕೂಲವಾಯಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಸ್ವಂತ ಬಳಕೆಯ ದ್ವಿಚಕ್ರ, ಚತುಶ್ಚಕ್ರ ವಾಹನಗಳು ‘ವಿ.ಎ.’ ಎಂಬ ಅಕ್ಷರಗಳ ಫಲಕವನ್ನು ಪಡೆಯಬಹುದು. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ. ಚಾಸಿ, ಬಾಡಿ, ಇಂಜಿನ್ನುಗಳಲ್ಲಿ ದೊಡ್ಡ ಮಾರ್ಪಾಟು ಆಗಿರಬಾರದು; ಪ್ರದರ್ಶನ, ರ‍್ಯಾಲಿ ಮುಂತಾದವಕ್ಕೆ ಹೊರತು ದಿನನಿತ್ಯ ಓಡಿಸಬಾರದು. ಮೈಸೂರಿನ ಹಳೆಯ ಜಾವಾ ಗಾಡಿಗೆ ಈ ಗೌರವ ಸಿಗಬಹುದು. ಅದರಂತೆ ಕಾಣುವ ಪ್ರತಿಕೃತಿಗೆ ಸಿಗದು. ಹಳೆಯ ಗಾಡಿಯನ್ನು ಕೊಳ್ಳುವ ಹೆತ್ತವರು ಬಣ್ಣಕ್ಕೆ ಮರುಳಾಗದೆ, ಚಾಸಿಯ ಮೇಲೂ ಇಂಜಿನ್ನಿನ ಮೇಲೂ ಕೊರೆದಿರುವ ಸಂಖ್ಯೆಗಳನ್ನು ಆರ್.ಸಿ. ಪುಸ್ತಕದೊಡನೆ ಹೋಲಿಸಿ ನೋಡಬೇಕು. ಉಜ್ಜಿದ, ಮತ್ತೆ ಕೊರೆದ ಗುರುತಿದ್ದರೆ ಎಷ್ಟೇ ಅಗ್ಗವಾದರೂ ಬೇಡ.

ಇಷ್ಟೊಂದು ಬಿಗಿ ಏತಕ್ಕೆ? ಉತ್ತರ ಭಾರತದಲ್ಲಿ ನೀರೆತ್ತುವ ಡೀಸೆಲ್ ಇಂಜಿನ್ನನ್ನು ಮರದ ಗಾಡಿಗೆ ಕಟ್ಟಿ ಓಡಿಸುವ ‘ಜುಗಾಡ್’ ಎಂಬ ವಾಹನವಿದೆ. ಹಳ್ಳಿಗರ ಜಾಣ್ಮೆಯನ್ನು ಮೆಚ್ಚಲೇಬೇಕು. ಆದರೆ ಅದಕ್ಕೆ ನೋಂದಣಿಯಿಲ್ಲ, ವಿಮೆಯಿಲ್ಲ. ಅದು ಒಬ್ಬ ದಾರಿಹೋಕನ ಮೇಲೆ ಹರಿದರೆ ಅವನ ಹೆಂಡತಿ ಮಕ್ಕಳಿಗೆ ಪರಿಹಾರ ಕೊಡುವವರಾರು? ಬಂಡಿ ಕಟ್ಟಿದವನು ಬಡವ, ಓಡಿಸಿದವನೂ ಬಡವ. ರಾಜಸ್ಥಾನದಿಂದ ಬಂದ ಮೊಕದ್ದಮೆಯಲ್ಲಿ 2013ರಲ್ಲಿ ಸುಪ್ರೀಂ ಕೋರ್ಟು, ಜುಗಾಡೂ ಮೋಟಾರು ವಾಹನವೇ, ಅದಕ್ಕೂ ಈ ಕಾಯಿದೆ ಅನ್ವಯಿಸುತ್ತದೆ ಎಂದು ತೀರ್ಮಾನಿಸಿತು. ನೋಂದಣಿ ಸಂಖ್ಯೆಯು ಮಾಲೀಕನ ಹಿರಿಮೆಗಾಗಿ ಬರೆದದ್ದಲ್ಲ. ಎದುರಿಗೆ ನಡೆದುಬರುವ ಅಪರಿಚಿತನಿಗೆ ಕೊಟ್ಟ ಮಾತು ಅದು.

ಹಾಗಾದರೆ ಕಾನೂನು ಪ್ರತಿಭೆಯನ್ನು ಹಿಸುಕುವುದಿಲ್ಲವೆ? ಕೆಲವೊಮ್ಮೆ ಹಿಸುಕಿದೆ; ಅದನ್ನು ಮರೆಮಾಚಬೇಕಾಗಿಲ್ಲ. ಕೊಯಮತ್ತೂರಿನ ಜಿ. ಡಿ. ನಾಯ್ಡು ಅವರು 1952ರಲ್ಲಿ 2000 ರೂಪಾಯಿ ಬೆಲೆಯ, ಎರಡು ಆಸನಗಳ ಕಾರನ್ನು ಸಿದ್ಧಪಡಿಸಿದರು. ಸರಕಾರದ ಪರವಾನಗಿ ದೊರೆಯದೆ ಆ ಕೆಲಸ ನಿಂತುಹೋಯಿತು. 2021ರ ಕೊನೆಯಲ್ಲಿ ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಹಳ್ಳಿಯೊಂದರ ಲೋಹಗೆಲಸದವರು ಗುಜರಿ ಸಾಮಾನಿನಿಂದ ಪುಟ್ಟ ನಾಲ್ಕು ಚಕ್ರದ ಬಂಡಿ ಕಟ್ಟಿ ದೇಶದ ಗಮನ ಸೆಳೆದರು. ಅದು ನಿಯಮಕ್ಕೆ ಹೊಂದದಾದ್ದರಿಂದ ಮಹೀಂದ್ರ ಕಂಪೆನಿಯ ಮುಖ್ಯಸ್ಥರು ಅದನ್ನು ತಾವು ಪಡೆದು, ಬದಲಿಗೆ ಹೊಸ ಬೊಲೆರೊ ವಾಹನವನ್ನು ಕೊಟ್ಟರು. ಅವರ ಔದಾರ್ಯ ದೊಡ್ಡದು. ಆದರೆ ಎಲ್ಲರಿಗೂ ಅಂಥ ದಾನಿಗಳು ದೊರೆಯುವುದಿಲ್ಲ. ದೊರೆಯಬೇಕಾದದ್ದು ದಾರಿ. ಅಮೆರಿಕದಲ್ಲಿ 2015ರ ಕಾಯಿದೆಯು, ಕನಿಷ್ಠ 25 ವರ್ಷ ಹಳೆಯ ಮಾದರಿಗಳ ಪ್ರತಿಕೃತಿಗಳನ್ನು ಸಣ್ಣ ತಯಾರಕರು ವರ್ಷಕ್ಕೆ 325ರವರೆಗೆ ಮಾಡಬಹುದೆಂದು ಅವಕಾಶ ಕೊಟ್ಟಿತು. ಇಂಗ್ಲೆಂಡಿನಲ್ಲಿ ಒಂದೇ ಒಂದು ಬಂಡಿಯನ್ನು ಕೂಡ ಪರೀಕ್ಷೆಗೊಡ್ಡುವ ಏರ್ಪಾಡಿದೆ. ಹೊಣೆಯನ್ನು ಬಿಡದೆ ಬಾಗಿಲನ್ನು ತುಸು ತೆರೆಯುವ ಇಂಥ ಏರ್ಪಾಡು ನಮ್ಮಲ್ಲೂ ಬರಲೆಂದು ನಾವು ಹಾರೈಸುತ್ತೇವೆ. ಅದನ್ನು ರೂಪಿಸುವವರು ನಿಮ್ಮಲ್ಲೇ ಯಾರಾದರೂ ಏಕಾಗಬಾರದು?

ಅಲ್ಲಿಯವರೆಗೆ ಕೈಕಟ್ಟಿ ಕೂರಬೇಕೆಂದೂ ಅಲ್ಲ. ಕೊಯಮತ್ತೂರಿನ ಎಸ್. ಕರಿವರ್ಧನ್ ಅವರು ಮಾರುತಿ 800ರ ಇಂಜಿನ್ನನ್ನು ಬಳಸಿ ‘ಫಾರ್ಮುಲಾ ಮಾರುತಿ’ ಎಂಬ ಪಂದ್ಯದ ಕಾರನ್ನು ಕಟ್ಟಿದರು. ಅದು ಓಡಿದ್ದು ಊರ ರಸ್ತೆಯಲ್ಲಲ್ಲ, ಪಂದ್ಯದ ಅಂಕಣದಲ್ಲಿ. ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗಾಗಿ 2007ರಿಂದ ನಡೆಯುತ್ತಿರುವ ಬಾಹಾ ಸ್ಪರ್ಧೆಯಲ್ಲಿ ಹುಡುಗರೂ ಹುಡುಗಿಯರೂ ತಾವೇ ಬಂಡಿ ಕಟ್ಟಿ, ಪರೀಕ್ಷಕರ ಮುಂದೆ ನಿಲ್ಲಿಸಿ, ಪ್ರತಿಯೊಂದು ಬೆಸುಗೆಗೂ ಲೆಕ್ಕ ಒಪ್ಪಿಸುತ್ತಾರೆ. ಕಟ್ಟುವ ಆಸೆಗೆ ಇದೇ ಯೋಗ್ಯವಾದ ಬಯಲು.

ಪೋಷಕರಲ್ಲಿ ಒಂದು ವಿಜ್ಞಾಪನೆ. ಹದಿನೆಂಟು ತುಂಬದ ಮಗನ ಕೈಗೆ ಮೋಟಾರು ಗಾಡಿಯನ್ನು ಕೊಡಬೇಡಿ. ಅವನು ಅಪರಾಧವೆಸಗಿದರೆ 199ಎ ಕಲಮಿನಂತೆ ಪೋಷಕನಿಗೆ ಅಥವಾ ಮಾಲೀಕನಿಗೆ ಮೂರು ವರ್ಷದವರೆಗೆ ಸೆರೆ, 25,000 ರೂಪಾಯಿ ದಂಡ. ಗಾಡಿಯ ನೋಂದಣಿ ಹನ್ನೆರಡು ತಿಂಗಳು ರದ್ದು. ಹುಡುಗನಿಗೆ ಇಪ್ಪತ್ತೈದು ತುಂಬುವವರೆಗೆ ಲೈಸೆನ್ಸು ಇಲ್ಲ. ಅವನು ಸೈಲೆನ್ಸರು ಕಿತ್ತು, ಹ್ಯಾಂಡಲು ಬದಲಿಸಿ ಅಂದಗಾಣಿಸಿದ ಗಾಡಿಯಾದರೆ ಆ ಮಾರ್ಪಾಟಿನ ದಂಡವೂ ಮೇಲೆ ಬೀಳುತ್ತದೆ. ಆದರೆ ಅವನ ಕೈಯಿಂದ ಸ್ಪ್ಯಾನರನ್ನು ಕಸಿದುಕೊಳ್ಳಬೇಡಿ. ಒಳ್ಳೆಯ ಮೇಸ್ತ್ರಿಯ ಬಳಿಗೆ, ಒಳ್ಳೆಯ ಐ.ಟಿ.ಐ.ಗೆ ಕಳಿಸಿ.

ವಿದ್ಯಾರ್ಥಿಗಳೆ, ನೀವು ಕಟ್ಟುವುದು ಬಂಡಿಯಾಗಲಿ, ಮನೆಯಾಗಲಿ, ಬರೆಯುವುದು ಲೆಕ್ಕವಾಗಲಿ, ಕೆಳಗೆ ನಿಮ್ಮ ಹೆಸರನ್ನು ಧೈರ್ಯವಾಗಿ ಬರೆಯುವಂತಿರಲಿ. ಹೆಸರು ಬರೆಯಲು ಅಂಜಿಕೆಯಾಗುವ ಕೆಲಸವನ್ನು ರಸ್ತೆಗೆ ಇಳಿಸಬೇಡಿ. 22ಎ ನಮೂನೆಯ ಎರಡನೆಯ ಸಹಿ ನಿಮ್ಮಲ್ಲಿ ಅನೇಕರದ್ದಾಗಲಿ ಎಂದು ಹಾರೈಸುತ್ತೇವೆ.