‘ಯೆಸ್ ಸರ್’ ಅಂದರೆ ಹೌದೋ, ಇಲ್ಲವೋ? – ಇಂಗ್ಲಿಷ್ ಕಲಿಯುವ ನಮ್ಮವರ ಕಷ್ಟಗಳು



‘ವಿದೇಶಿ ಭಾಷೆಯಾಗಿ ಇಂಗ್ಲಿಷ್: ಕಲಿಯುವವರ ಸವಾಲುಗಳು’ ಎಂಬ ವಿಷಯದ ಬಗ್ಗೆ ಮಾತಾಡಬೇಕೆಂದು ಸಂಘದವರು ಕೇಳಿದಾಗ ನನಗೆ ಸಂತೋಷವೂ ಆಯಿತು, ಸ್ವಲ್ಪ ಅಳುಕೂ ಆಯಿತು. ನಾನು ಭಾಷಾಶಾಸ್ತ್ರ ಓದಿದವಳಲ್ಲ. ಹಾವೇರಿ ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಹನ್ನೊಂದು ವರ್ಷ ಇಂಗ್ಲಿಷ್ ಪಾಠ ಮಾಡಿದವಳು. ಪತಿಯ ಕೆಲಸದ ಕಾರಣ ಇಲ್ಲಿಗೆ ಬಂದ ಮೇಲೆ, ಶುಕ್ರವಾರ ಸಂಜೆ ರೂವಿಯ ಒಂದು ಕೋಣೆಯಲ್ಲಿ ನಮ್ಮ ಕಾರ್ಮಿಕ ಬಂಧುಗಳಿಗೆ ಇಂಗ್ಲಿಷ್ ಹೇಳಿಕೊಡುತ್ತಿದ್ದೇನೆ. ಆ ಕೋಣೆಯಲ್ಲಿ ನಾನು ಕಲಿಸಿದ್ದಕ್ಕಿಂತ ಕಲಿತದ್ದೇ ಹೆಚ್ಚು. ಅದನ್ನೇ ನಿಮ್ಮ ಮುಂದೆ ಇಡುತ್ತೇನೆ.

ಮೊದಲು ಒಂದು ಘಟನೆ. ನನ್ನ ತರಗತಿಗೆ ರಾಣೆಬೆನ್ನೂರು ಕಡೆಯ ಒಬ್ಬ ಹುಡುಗ ಬರುತ್ತಿದ್ದ. ಎಲೆಕ್ಟ್ರಿಷಿಯನ್‌ಗೆ ಸಹಾಯಕ. ಒಂದು ಶುಕ್ರವಾರ ಪಾಠ ಮುಗಿದ ಮೇಲೂ ಹೋಗದೆ ನಿಂತಿದ್ದ. ಜೇಬಿನಿಂದ ಮಡಚಿದ ಕಾಗದ ತೆಗೆದು, “ಟೀಚರ್, ಇದರಲ್ಲಿ ‘ಫಾಲ್ಸ್’ ಅಂತ ಇದೆ. ನಾನು ಸುಳ್ಳು ಹೇಳಿಲ್ಲ” ಅಂದ.

ಅದು ಎಚ್ಚರಿಕೆ ಪತ್ರ. ಕೆಲಸದ ಜಾಗದಲ್ಲಿ ಆದದ್ದು ಇಷ್ಟು. ಮೇನ್ ಸ್ವಿಚ್ ಆಫ್ ಮಾಡಲು ಇವನಿಗೆ ಹೇಳಿದ್ದರು. ಇವನು ಇನ್ನೂ ಪ್ಯಾನೆಲ್ ಹತ್ತಿರ ಹೋಗುತ್ತಿದ್ದ. ಇಂಗ್ಲಿಷ್ ಮನೆಮಾತಿನ ಎಂಜಿನಿಯರ್ ಮೇಲಿನಿಂದ ಕೂಗಿ ಕೇಳಿದರು: “ಹ್ಯಾವನ್ಟ್ ಯು ಸ್ವಿಚ್ಡ್ ಆಫ್ ದ ಮೇನ್?” ಇವನು “ಯೆಸ್ ಸರ್” ಅಂದ. ಏಣಿಯ ಮೇಲಿದ್ದ ಇನ್ನೊಬ್ಬ ಕೆಲಸಗಾರ ತಂತಿ ಮುಟ್ಟಿದ. ಶಾಕ್ ಹೊಡೆದು ಕೆಳಗೆ ಬಿದ್ದ. ಪುಣ್ಯಕ್ಕೆ ಜೀವ ಉಳಿಯಿತು, ಮಣಿಕಟ್ಟು ಮುರಿಯಿತು. ‘ತಪ್ಪು ಮಾಹಿತಿ ಕೊಟ್ಟಿದ್ದಾನೆ’ ಎಂದು ಈ ಹುಡುಗನ ಮೇಲೆ ಪತ್ರ ಬಂತು.

ಬಂಧುಗಳೇ, ಈಗ ಕನ್ನಡದಲ್ಲಿ ಯೋಚಿಸಿ. ನಾನು ನಿಮ್ಮನ್ನು “ಇನ್ನೂ ಊಟ ಮಾಡಿಲ್ವಾ?” ಅಂತ ಕೇಳಿದರೆ, ಮಾಡಿರದಿದ್ದರೆ ನೀವು ಏನು ಹೇಳುತ್ತೀರಿ? “ಹೂಂ, ಇನ್ನೂ ಇಲ್ಲ” ಅನ್ನುವವರು ನಮ್ಮಲ್ಲಿ ಎಷ್ಟೋ ಜನ. ಕೇಳಿದವರ ಮಾತು ಸರಿ ಎನ್ನುವುದಕ್ಕೆ ನಾವು ‘ಹೂಂ’ ಹಾಕುತ್ತೇವೆ. ಇಂಗ್ಲಿಷಿನ ಪದ್ಧತಿ ಬೇರೆ. ಅಲ್ಲಿ ಪ್ರಶ್ನೆ ಹೇಗೇ ಇರಲಿ, ಕೆಲಸ ಆಗಿದ್ದರೆ ‘ಯೆಸ್’, ಆಗಿರದಿದ್ದರೆ ‘ನೋ’. ಹುಡುಗ ಕನ್ನಡದಲ್ಲಿ ನಿಜವನ್ನೇ ಹೇಳಿದ್ದ. ಎಂಜಿನಿಯರ್‌ಗೆ ಇಂಗ್ಲಿಷಿನಲ್ಲಿ ಅದು ತಿರುಗುಮುರುಗಾಗಿ ಕೇಳಿಸಿತು. ಇಬ್ಬರಲ್ಲಿ ಯಾರೂ ಸುಳ್ಳು ಹೇಳಿರಲಿಲ್ಲ.

ನಾನು ಹನ್ನೊಂದು ವರ್ಷ ಪಾಠ ಮಾಡಿದೆನಲ್ಲ, ಈ ಒಂದು ವಿಷಯವನ್ನು ಒಂದು ದಿನವೂ ಯಾವ ಮಗುವಿಗೂ ಹೇಳಿಕೊಟ್ಟಿರಲಿಲ್ಲ. ಪರೀಕ್ಷೆಯಲ್ಲಿ ಅದು ಬರುತ್ತಿರಲಿಲ್ಲ.

ಇಂಗ್ಲಿಷ್ ನಮಗೆ ವಿದೇಶಿ ಭಾಷೆಯೇ ಎಂದು ಕೆಲವರು ಕೇಳಬಹುದು. ಶಾಲೆಯ ದಾಖಲೆಯಲ್ಲಿ ಅದು ‘ದ್ವಿತೀಯ ಭಾಷೆ’. ನಾನು ಶಾಲೆಯಲ್ಲಿದ್ದಾಗ ಎಸ್ಸೆಸ್ಸೆಲ್ಸಿಯಲ್ಲಿ ಕನ್ನಡಕ್ಕೆ 125 ಅಂಕ, ಇಂಗ್ಲಿಷಿಗೆ 100. ಬೆಂಗಳೂರಿನ ಕೆಲವು ಬಡಾವಣೆಗಳ ಮಗುವಿಗೆ ಅದು ನಿಜವಾಗಿಯೂ ಎರಡನೆಯ ಭಾಷೆ. ಆದರೆ ನಮ್ಮ ಹಳ್ಳಿಯ ಮಗುವಿಗೆ ತರಗತಿಯ ನಲವತ್ತು ನಿಮಿಷ ಬಿಟ್ಟರೆ ಇಂಗ್ಲಿಷ್ ವಾಕ್ಯ ಕಿವಿಗೆ ಬೀಳುವುದೇ ಇಲ್ಲ. ಮನೆಯಲ್ಲಿಲ್ಲ, ಸಂತೆಯಲ್ಲಿಲ್ಲ, ಬಸ್‌ಸ್ಟ್ಯಾಂಡಿನಲ್ಲಿಲ್ಲ. ಸರ್ಕಾರಿ ಕನ್ನಡ ಶಾಲೆಗಳಲ್ಲಿ ಒಂದನೇ ತರಗತಿಯಿಂದ ಇಂಗ್ಲಿಷ್ ಒಂದು ವಿಷಯವಾಗಿ ಬಂದದ್ದು 2007-08ರಲ್ಲಿ. ಅದಕ್ಕೂ ಹಿಂದೆ ಓದಿದವರು, ಅಂದರೆ ಇಲ್ಲಿ ಕೂತಿರುವ ನಮ್ಮಲ್ಲಿ ಬಹಳ ಜನ, ಎಬಿಸಿಡಿ ಬರೆದದ್ದು ಐದನೇ ತರಗತಿಯಲ್ಲಿ. ಆಮೇಲೆ ಹತ್ತನೇ ತರಗತಿಗೆ ಬಂದಾಗ ಸಿಕ್ಕಿದ್ದು ‘ಪಾಸಿಂಗ್ ಪ್ಯಾಕೇಜ್’. ಇಷ್ಟು ಪ್ರಶ್ನೋತ್ತರ, ಒಂದು ಪತ್ರ, ಒಂದು ಪ್ರಬಂಧ ಬಾಯಿಪಾಠ ಮಾಡಿದರೆ ಮೂವತ್ತೈದು ಅಂಕ ದಾಟಬಹುದು. ದಾಟಿದರು. ಆದರೆ ಮಾತು ಬರಲಿಲ್ಲ.

ಇನ್ನು ಕಷ್ಟಗಳು ಎಲ್ಲೆಲ್ಲಿ ಅಂತ ನೋಡೋಣ.

ಮೊದಲನೆಯದು ಓದು. ನಮ್ಮ ಕನ್ನಡದಲ್ಲಿ ಬರೆದಂತೆ ಓದುತ್ತೇವೆ. ವರ್ಣಮಾಲೆ, ಕಾಗುಣಿತ, ಒತ್ತಕ್ಷರ ಕಲಿತ ಮಗು ಯಾವ ಪದವನ್ನಾದರೂ ಓದುತ್ತದೆ, ಅರ್ಥ ಆಗದಿದ್ದರೂ ಓದುತ್ತದೆ. ಅದೇ ನಂಬಿಕೆಯಿಂದ ಇಂಗ್ಲಿಷಿಗೆ ಹೋದರೆ ಮೋಸವಾಗುತ್ತದೆ. ಓ, ಯು, ಜಿ, ಎಚ್ ಎಂಬ ನಾಲ್ಕು ಅಕ್ಷರಗಳು ಒಟ್ಟಿಗೆ ಬಂದಾಗ ಒಂದು ಕಡೆ ‘ಥ್ರೂ’, ಇನ್ನೊಂದು ಕಡೆ ‘ದೋ’, ಮತ್ತೊಂದು ಕಡೆ ‘ಟಫ್’, ಮಗದೊಂದು ಕಡೆ ‘ಕಾಫ್’. ‘ನೈಫ್’ ಬರೆಯಲು ಮೊದಲು ‘ಕೆ’ ಯಾಕೆ ಬೇಕು ಎಂದು ನನ್ನ ವಿದ್ಯಾರ್ಥಿಗಳು ಕೇಳಿದರೆ, “ಅದು ಸೈಲೆಂಟ್, ಸುಮ್ಮನೆ ಬರ್ಕೊ” ಅನ್ನುತ್ತಿದ್ದೆ. ಕಾರಣ ಇದೆ. ಹಿಂದೆ ಇಂಗ್ಲಿಷರು ಆ ‘ಕೆ’ಯನ್ನು ಉಚ್ಚರಿಸುತ್ತಿದ್ದರು. 1476ರಲ್ಲಿ ಕ್ಯಾಕ್ಸ್ಟನ್ ಇಂಗ್ಲೆಂಡಿನಲ್ಲಿ ಮುದ್ರಣ ಆರಂಭಿಸಿದ. ಮುಂದೆ ಅಚ್ಚಿನಲ್ಲಿ ಕಾಗುಣಿತ ನಿಧಾನವಾಗಿ ಗಟ್ಟಿಯಾಯಿತು, ಜನರ ನಾಲಿಗೆ ಮಾತ್ರ ಬದಲಾಗುತ್ತಲೇ ಹೋಯಿತು. ಇಷ್ಟು ಹೇಳಿದರೆ ಮಗುವಿಗೆ ತಾನು ದಡ್ಡ ಅನ್ನಿಸುವುದಿಲ್ಲ.

ಎರಡನೆಯದು ಉಚ್ಚಾರ. ನಮ್ಮ ಪದಗಳು ಬಹುಮಟ್ಟಿಗೆ ಸ್ವರದಲ್ಲಿ ಮುಗಿಯುತ್ತವೆ. ಹಾಗಾಗಿ ಬಸ್ ‘ಬಸ್ಸು’ ಆಗುತ್ತದೆ, ರೋಡ್ ‘ರೋಡು’ ಆಗುತ್ತದೆ. ಮಾತಿನಲ್ಲಿ ನಾವು ‘ಎಂಟು’ವನ್ನು ‘ಯೆಂಟು’, ‘ಒಂದು’ವನ್ನು ‘ವೊಂದು’ ಅನ್ನುತ್ತೇವೆ. ಅದೇ ಅಭ್ಯಾಸದಲ್ಲಿ ‘ಎಗ್’ ಹೋಗಿ ‘ಯೆಗ್’ ಆಗುತ್ತದೆ. ಇಂಗ್ಲಿಷಿನ ಎರಡು ಬೇರೆ ಧ್ವನಿಗಳಿಗೆ ನಮ್ಮಲ್ಲಿ ಒಂದೇ ‘ವ’. ಹೀಗಾಗಿ ಪಶ್ಚಿಮ ದಿಕ್ಕಿನ ‘ವೆಸ್ಟ್’ ಮತ್ತು ಮೈಗೆ ತೊಡುವ ‘ವೆಸ್ಟ್’ ನಮ್ಮ ಬಾಯಲ್ಲಿ ಒಂದೇ. ಇದಕ್ಕಿಂತ ದೊಡ್ಡದು ಒತ್ತು. ಕನ್ನಡದಲ್ಲಿ ಯಾವ ಅಕ್ಷರವನ್ನು ಒತ್ತಿದರೂ ಪದ ಬದಲಾಗುವುದಿಲ್ಲ. ಇಂಗ್ಲಿಷಿನಲ್ಲಿ ‘ಡೆಸರ್ಟ್’ನ ಮೊದಲ ಭಾಗ ಒತ್ತಿದರೆ ಹೊರಗೆ ಕಾಣುವ ಮರುಭೂಮಿ, ಎರಡನೆಯ ಭಾಗ ಒತ್ತಿದರೆ ಊಟದ ಕೊನೆಯ ಸಿಹಿ. ಹೋಟೆಲಿನಲ್ಲಿ ಕೆಲಸ ಮಾಡುವ ಕುಂದಾಪುರದ ಬಂಧುವೊಬ್ಬರು ಇದನ್ನು ಕೇಳಿ, “ಅದಕ್ಕೇ ಗಿರಾಕಿ ನನ್ನ ಮುಖ ನೋಡಿದ್ದು!” ಅಂದರು. ಅಂದು ಎಲ್ಲರೂ ನಕ್ಕೆವು, ಅವರೂ ನಕ್ಕರು.

ಮೂರನೆಯದು ವಾಕ್ಯ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ಇಂಗ್ಲಿಷಿನಲ್ಲಿ ನಡುವೆ. ‘ಮನೆಯಲ್ಲಿ, ಬಸ್ಸಿನಲ್ಲಿ, ಗೇಟಿನಲ್ಲಿ’ ಎಂದು ನಾವು ಒಂದೇ ‘ಅಲ್ಲಿ’ ಪ್ರತ್ಯಯ ಹಚ್ಚಿ ಮುಗಿಸುತ್ತೇವೆ. ಇಂಗ್ಲಿಷಿನವರಿಗೆ ಅಲ್ಲಿ ಇನ್, ಆನ್, ಆಟ್ ಎಂಬ ಮೂರು ಬೇಕು. ‘ಎ’, ‘ದ’ ನಮ್ಮಲ್ಲಿ ಇಲ್ಲವೇ ಇಲ್ಲ. ‘ನನಗೆ ಜ್ವರ ಬಂದಿದೆ’ ಎನ್ನುವಲ್ಲಿ ಜ್ವರ ನಮ್ಮ ಕಡೆಗೆ ಬರುತ್ತದೆ, ಇಂಗ್ಲಿಷಿನಲ್ಲಿ ನಾವು ಜ್ವರವನ್ನು ಇಟ್ಟುಕೊಂಡಿರುತ್ತೇವೆ: ‘ಐ ಹ್ಯಾವ್ ಎ ಫೀವರ್’. ಆದ್ದರಿಂದ ಒಬ್ಬ ಬಂಧು ‘ಫೀವರ್ ಈಸ್ ಕಮಿಂಗ್ ಟು ಮಿ’ ಎಂದರೆ ಅವನು ಯೋಚನೆ ಇಲ್ಲದೆ ಮಾತಾಡಿದ್ದಲ್ಲ. ಕನ್ನಡದ ವ್ಯಾಕರಣವನ್ನು ಚಾಚೂ ತಪ್ಪದೆ ಪಾಲಿಸಿದ್ದಾನೆ.

ಇಲ್ಲಿ ನಾನು ಒಂದು ತಪ್ಪು ಒಪ್ಪಿಕೊಳ್ಳಬೇಕು. ನಮ್ಮ ಶಾಲೆಯಲ್ಲಿ ಒಂಬತ್ತನೇ ತರಗತಿಯ ಹುಡುಗನೊಬ್ಬ ಹೆಡ್‌ಮಾಸ್ಟರ್ ಬಂದದ್ದನ್ನು ‘ದೇ ಕೇಮ್’ ಅಂದ. ನಾನು ನಕ್ಕು, “ಎಷ್ಟು ಜನ ಹೆಡ್‌ಮಾಸ್ಟರ್ ಬಂದ್ರಪ್ಪಾ?” ಅಂದೆ. ಇಡೀ ತರಗತಿ ನಕ್ಕಿತು. ಆ ಹುಡುಗ ಆ ವರ್ಷ ಮತ್ತೆ ಇಂಗ್ಲಿಷಿನಲ್ಲಿ ಬಾಯಿ ಬಿಡಲಿಲ್ಲ. ಹಿರಿಯರನ್ನು ‘ಅವನು’ ಎನ್ನಲು ಅವನ ಮನಸ್ಸು ಒಪ್ಪಿರಲಿಲ್ಲ. ‘ಅವರು ಬಂದರು’ ಎಂಬ ಮರ್ಯಾದೆಯನ್ನು ಇಂಗ್ಲಿಷಿಗೂ ಕೊಂಡೊಯ್ದಿದ್ದ. ನಾನು ಅದನ್ನು ಮೆಚ್ಚಿ, ಇಂಗ್ಲಿಷಿನಲ್ಲಿ ‘ಹಿ’ ಅಂದರೆ ಅಗೌರವ ಅಲ್ಲ ಎಂದು ವಿವರಿಸಿದ್ದರೆ ಸಾಕಿತ್ತು.

ಯಾಕೆ ಇದನ್ನು ಹೇಳಿದೆನೆಂದರೆ, ನಮ್ಮವರಿಗೆ ಭಾಷೆ ಕಲಿಯುವ ಶಕ್ತಿ ಇಲ್ಲ ಎನ್ನುವುದು ಶುದ್ಧ ಸುಳ್ಳು. ನನ್ನ ತರಗತಿಯಲ್ಲಿ ಸಿಂದಗಿ ಕಡೆಯ ಒಬ್ಬ ಡ್ರೈವರ್ ಇದ್ದಾರೆ. ಊರು ಬಿಟ್ಟಾಗ ಕನ್ನಡ ಒಂದೇ ಬರುತ್ತಿತ್ತು. ಎರಡು ವರ್ಷದಲ್ಲಿ ಕ್ಯಾಂಪಿನಲ್ಲಿ ಹಿಂದಿ, ಮಲಯಾಳಂ ಕಲಿತರು, ಪೊಲೀಸರೊಡನೆ ಮಾತಾಡುವಷ್ಟು ಅರಬ್ಬಿಯನ್ನೂ ಕಲಿತರು. ಆರು ವರ್ಷ ಶಾಲೆಯಲ್ಲಿ ಓದಿದ ಇಂಗ್ಲಿಷ್ ಮಾತ್ರ ಬಾಯಿಗೆ ಬರಲಿಲ್ಲ. ಹಿಂದಿ, ಮಲಯಾಳಂ ವಾಕ್ಯಗಳ ಜೋಡಣೆ ನಮ್ಮದನ್ನೇ ಹೋಲುತ್ತದೆ, ಅದು ಒಂದು ಕಾರಣ. ಇನ್ನೊಂದನ್ನು ಅವರೇ ಹೇಳಿದರು: “ಅರಬ್ಬಿ ತಪ್ಪು ಮಾತಾಡಿದ್ರೆ ಯಾರೂ ನಗಂಗಿಲ್ರಿ ಮೇಡಂ, ಖುಷಿ ಪಡ್ತಾರ. ಇಂಗ್ಲಿಷ್ ತಪ್ಪಿದ್ರ ನಮ್ಮವ್ರೇ ನಗ್ತಾರ.”

ನಮ್ಮವರೇ ನಗುತ್ತಾರೆ. ಬಂಧುಗಳೇ, ಈ ಮಾತನ್ನು ದಯವಿಟ್ಟು ಮನೆಗೆ ಕೊಂಡೊಯ್ಯಿರಿ. ನಗುವಿಗೆ ಹೆದರಿದವನು ಏನು ಮಾಡುತ್ತಾನೆ? ಅರ್ಥವಾಗದಿದ್ದರೂ ‘ಯೆಸ್ ಸರ್’ ಅನ್ನುತ್ತಾನೆ. ಬೆಳಗಿನ ಸುರಕ್ಷತಾ ಸಭೆಯಲ್ಲಿ ‘ಯೆಸ್ ಸರ್’, ಸಹಿ ಹಾಕುವಾಗ ‘ಯೆಸ್ ಸರ್’, ಡಾಕ್ಟರ ಮುಂದೆ ‘ಯೆಸ್ ಸರ್’. ಅದರ ಬೆಲೆ ಎಷ್ಟು ಎಂದು ಆಗಲೇ ನೋಡಿದೆವು.

ಹಾಗಾದರೆ ಏನು ಮಾಡೋಣ? ನಮ್ಮ ಶುಕ್ರವಾರದ ತರಗತಿಯಲ್ಲಿ ಈಗ ಮಾಡುತ್ತಿರುವುದನ್ನು ಹೇಳುತ್ತೇನೆ.

ಮೊದಲ ಪಾಠ ಎಬಿಸಿಡಿ ಅಲ್ಲ. ಮೊದಲ ಪಾಠ ‘ಸರ್, ಪ್ಲೀಸ್ ಸೇ ಇಟ್ ಅಗೇನ್, ಸ್ಲೋಲಿ’ ಮತ್ತು ‘ಐ ಡಿಡ್ ನಾಟ್ ಅಂಡರ್‌ಸ್ಟ್ಯಾಂಡ್’. ಅರ್ಥವಾಗಲಿಲ್ಲ ಎಂದು ಹೇಳಲು ಬಂದವನು ಅರ್ಧ ಇಂಗ್ಲಿಷ್ ಕಲಿತಂತೆ.

ಎರಡನೆಯದು, ಬರೀ ‘ಯೆಸ್’, ‘ನೋ’ ಎಂದು ಉತ್ತರಿಸುವುದಿಲ್ಲ. ಪುಟ್ಟದಾದರೂ ಪೂರ್ತಿ ವಾಕ್ಯ ಹೇಳುತ್ತೇವೆ. ‘ಮೇನ್ ಈಸ್ ಆಫ್’, ‘ಮೇನ್ ಈಸ್ ಆನ್’. ಆಗ ಕನ್ನಡದ ಹೂಂಗೂ ಇಂಗ್ಲಿಷಿನ ಯೆಸ್‌ಗೂ ಜಗಳ ಬರುವುದಿಲ್ಲ. ವಿದ್ಯುತ್ ಕೆಲಸದಲ್ಲಿರುವವರಿಗೆ ಒಂದು ಮಾತು: ಯಾರ ‘ಯೆಸ್’ ಅನ್ನೂ ನಂಬಿ ತಂತಿ ಮುಟ್ಟಬೇಡಿ. ಸ್ವಿಚ್ಚಿಗೆ ಬೀಗ ಹಾಕಿ, ಚೀಟಿ ಕಟ್ಟಿ, ಟೆಸ್ಟರ್ ಹಿಡಿದು ನೋಡಿದ ಮೇಲೆಯೇ ಕೆಲಸ.

ಮೂರನೆಯದು, ಇಂಗ್ಲಿಷನ್ನು ಕನ್ನಡದ ಮೂಲಕ ಕಲಿಯುತ್ತೇವೆ. ತರಗತಿಯಲ್ಲಿ ಕನ್ನಡ ಮಾತಾಡಿದರೆ ದಂಡ ಹಾಕುವ ಶಾಲೆಗಳನ್ನು ನಾನು ನೋಡಿದ್ದೇನೆ. ನನ್ನ ಅನುಭವ ಬೇರೆ. ‘ನಮ್ಮಲ್ಲಿ ಹೀಗೆ, ಅವರಲ್ಲಿ ಹಾಗೆ’ ಎಂದು ಎರಡನ್ನೂ ಅಕ್ಕಪಕ್ಕ ಇಟ್ಟು ತೋರಿಸಿದರೆ ವಯಸ್ಸಾದವರಿಗೂ ಬೇಗ ಹಿಡಿಯುತ್ತದೆ. ಕನ್ನಡ ಚೆನ್ನಾಗಿ ಬಲ್ಲವನು ತನ್ನ ತಪ್ಪು ಎಲ್ಲಿಂದ ಬಂತೆಂದು ತಾನೇ ಕಂಡುಹಿಡಿಯುತ್ತಾನೆ.

ನಾಲ್ಕನೆಯದು, ಯಾರೂ ನಗುವಂತಿಲ್ಲ. ತಪ್ಪು ಮಾತಾಡಿದವರೇ ಮೊದಲು ನಕ್ಕರೆ ಉಳಿದವರು ನಗಬಹುದು.

ಆ ಹುಡುಗನ ವಿಷಯ ಏನಾಯಿತು ಎಂದು ನೀವು ಕೇಳಬಹುದು. ನಾವಿಬ್ಬರೂ ಕೂತು ಒಂದು ಪುಟದ ಉತ್ತರ ಬರೆದೆವು. ಕನ್ನಡದಲ್ಲಿ ‘ಹೂಂ’ ಹೇಗೆ ಬಳಕೆಯಾಗುತ್ತದೆ ಎಂದು ವಿವರಿಸಿದೆವು. ಎಚ್ಚರಿಕೆ ಪತ್ರವನ್ನು ಕಂಪನಿ ಹಿಂದಕ್ಕೆ ಪಡೆಯಲಿಲ್ಲ, ಅದು ಅವನ ಫೈಲಿನಲ್ಲಿ ಹಾಗೆಯೇ ಇದೆ. ಆದರೆ ಎಂಜಿನಿಯರ್ ಆ ಉತ್ತರ ಓದಿದರಂತೆ. ಈಗ ಅವರು ‘ಮಾಡಿಲ್ವಾ?’ ಎಂದು ಕೇಳುವುದಿಲ್ಲ. “ಈಸ್ ಇಟ್ ಆನ್ ಆರ್ ಆಫ್?” ಎಂದು ಕೇಳುತ್ತಾರಂತೆ. ಮಣಿಕಟ್ಟು ಮುರಿದುಕೊಂಡವನು ಕೆಲಸಕ್ಕೆ ಮರಳಿದ್ದಾನೆ. ಅವನನ್ನು ನೋಡಲು ಆಸ್ಪತ್ರೆಗೆ ಮೊದಲು ಹೋದದ್ದು ನಮ್ಮ ಹುಡುಗನೇ.

ಕೊನೆಯದಾಗಿ ಒಂದು ಕೋರಿಕೆ. ಈ ಸಭೆಯಲ್ಲಿ ಎಂಜಿನಿಯರುಗಳಿದ್ದೀರಿ, ನರ್ಸುಗಳಿದ್ದೀರಿ, ಲೆಕ್ಕಪತ್ರ ನೋಡುವವರಿದ್ದೀರಿ. ತಿಂಗಳಿಗೆ ಒಂದು ಶುಕ್ರವಾರ ಒಂದು ಗಂಟೆ ಕೊಡಿ. ಪಾಠ ಮಾಡಲು ಬರುವುದಿಲ್ಲ ಎನ್ನಬೇಡಿ; ನಿಮ್ಮ ಕೆಲಸದ ಜಾಗದಲ್ಲಿ ದಿನಾ ಕೇಳುವ ಇಪ್ಪತ್ತು ವಾಕ್ಯ ತಂದರೆ ಸಾಕು. ನಿಮ್ಮ ಮಕ್ಕಳು ಇಲ್ಲಿಯ ಶಾಲೆಗಳಲ್ಲಿ ಚೆಂದದ ಇಂಗ್ಲಿಷ್ ಕಲಿಯುತ್ತಿದ್ದಾರೆ, ಸಂತೋಷ. ಊರಿನಿಂದ ಬಂದ ಮಾವನ ಇಂಗ್ಲಿಷಿಗೆ ಅವರು ನಕ್ಕರೆ, ಆ ಮಾವ ನಾಲ್ಕು ಭಾಷೆ ಬಲ್ಲವರು ಎಂದು ಹೇಳಿಕೊಡಿ.

‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ’ ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಪರದೇಶದಲ್ಲಿ ದುಡಿಯುವ ನಮಗೆ ಮಾತು ಬಲ್ಲುದು ಜಗಳ ತಪ್ಪಿಸಲು ಮಾತ್ರವಲ್ಲ, ಕೈಕಾಲು ಉಳಿಸಿಕೊಂಡು ಊರು ಸೇರಲಿಕ್ಕೂ ಬೇಕು. ಶುಕ್ರವಾರ ಸಂಜೆ ಬನ್ನಿ, ಬಾಗಿಲು ತೆರೆದಿರುತ್ತದೆ.